ಅಂಗಾಲಿನ ಹುಣ್ಣಿಗೆ ಕನ್ನಡಿ ಬೇಕು

“ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?” ಎಂಬುದು ಕನ್ನಡಿಗರೆಲ್ಲರ ನಾಲಗೆಯ ಮೇಲಿರುವ ಗಾದೆ. ಕಣ್ಣಿಗೆ ನೇರವಾಗಿ ಕಾಣುವ ಸಂಗತಿಗೆ ಬೇರೆ ಸಾಕ್ಷಿ ಬೇಡವೆಂಬುದು ಅದರ ತಾತ್ಪರ್ಯ. ಆದರೆ ಗಾದೆಯನ್ನು ಕಟ್ಟಿದ ಹಿರಿಯರು ಅಂಗೈಯ ಮಾತನ್ನು ಹೇಳಿದರೇ ಹೊರತು ಅಂಗಾಲಿನ ಮಾತನ್ನು ಹೇಳಲಿಲ್ಲ. ಅಂಗಾಲು ಸುಲಭವಾಗಿ ಕಣ್ಣಿಗೆ ಬೀಳುವ ಅಂಗವಲ್ಲ. ಅಲ್ಲಿ ಗಾಯವಾದರೆ ಅದನ್ನು ತಿಳಿಸಬೇಕಾದುದು ನೋವು. ಆ ನೋವೇ ಇಲ್ಲದೆ ಹೋದರೆ? ಮಧುಮೇಹವುಳ್ಳವರ ಮನೆಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಒಂದು ಕಾಲು ಉಳಿಯುವುದೋ ಹೋಗುವುದೋ ಎಂಬುದು ಎಷ್ಟೋ ವೇಳೆ ಇದರ ಮೇಲೆಯೇ ನಿಂತಿರುತ್ತದೆ.

ಇಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಯಜಮಾನರಿಗೆ ೬೧ ವರ್ಷ. ಕಚೇರಿಯ ಕೆಲಸದಿಂದ ನಿವೃತ್ತರಾಗಿದ್ದಾರೆ. ೧೫ ವರ್ಷಗಳಿಂದ ಸಕ್ಕರೆ ಕಾಯಿಲೆ ಜೊತೆಗಿದೆ. ಕಿರಿಯ ಮಗಳ ಮದುವೆಗೆ ಇನ್ನು ಮೂರೇ ವಾರ. ಬೆಳಗಿನಿಂದ ಛತ್ರ, ಜವಳಿ ಅಂಗಡಿ, ಅಡಿಗೆಯವರ ಮನೆ ಎಂದು ಸುತ್ತಾಡಿ ಸಂಜೆ ಮನೆಗೆ ಬರುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ನಡೆದರೆ, ಆಗತಾನೆ ಒರೆಸಿದ ನೆಲದ ಮೇಲೆ ಹೆಜ್ಜೆಗೊಂದು ಕೆಂಪು ಗುರುತು.

“ಇದೇನೂಂದರೆ, ನೆಲದ ಮೇಲೆಲ್ಲ ರಕ್ತ!” ಎಂದು ಮನೆಯಾಕೆ ಗಾಬರಿಯಾಗುತ್ತಾರೆ.

“ರಕ್ತವೆ? ಎಲ್ಲಿಂದ? ನನಗೇನೂ ನೋವಿಲ್ಲವಲ್ಲ!”

ಚಪ್ಪಲಿಯನ್ನು ತಿರುಗಿಸಿ ನೋಡಿದರೆ ಅಟ್ಟೆಯನ್ನು ತೂರಿಕೊಂಡು ಬಂದ ಒಂದು ಸಣ್ಣ ಮೊಳೆ. ಅದು ಬೆಳಿಗ್ಗೆ ಚುಚ್ಚಿತೋ ಮಧ್ಯಾಹ್ನ ಚುಚ್ಚಿತೋ ಅವರಿಗೆ ತಿಳಿಯದು. “ನೋವೇ ಇಲ್ಲವೆಂದ ಮೇಲೆ ಹೆದರಿಕೆ ಏಕೆ? ಒಂದಿಷ್ಟು ಅರಿಸಿನ ಒತ್ತು, ಸರಿಹೋಗುತ್ತದೆ. ಮಕ್ಕಳ ಕಿವಿಗೆ ಹಾಕಬೇಡ, ಮದುವೆಯ ಕೆಲಸ ನಿಂತೀತು” ಎಂದು ಅವರು ಕಾಫಿಗೆ ಕೂಡುತ್ತಾರೆ.

ಮಗಳ ಮೇಲಿನ ಪ್ರೀತಿಯಿಂದಲೇ ಆಡಿದ ಮಾತು ಅದು. ಆದರೂ ಅದರಷ್ಟು ಅಪಾಯಕರವಾದ ಮಾತು ಬೇರೊಂದಿಲ್ಲ. ಸಾಮಾನ್ಯ ಜನರಿಗೆ ನೋವಿಲ್ಲದಿರುವುದು ಸಮಾಧಾನದ ಸಂಗತಿ. ಬಹುಕಾಲದ ಮಧುಮೇಹಿಗಳಿಗೆ ಅದೇ ಎಚ್ಚರಿಕೆಯ ಗಂಟೆ.

ಕಾವಲುಗಾರನಿಲ್ಲದ ಕೋಟೆ

ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಹೆಚ್ಚಾಗಿಯೇ ಇದ್ದರೆ ದೇಹದ ನರಗಳು ಸೊರಗುತ್ತವೆ. ಅತಿ ಉದ್ದವಾದ ನರಗಳು ಪಾದಕ್ಕೆ ಹೋಗುವಂಥವಾದುದರಿಂದ ಕೆಡುಕು ಮೊದಲು ಕಾಣುವುದು ಅಲ್ಲಿಯೇ. ಕೆಲವರಿಗೆ ಪಾದದಲ್ಲಿ ಉರಿ, ಜೋಮು, ಇರುವೆ ಹರಿದಂತಹ ಅನುಭವ. ಕೆಲವರಿಗೆ ಹತ್ತಿಯ ಮೇಲೆ ನಡೆದಂತೆ ತೋರುತ್ತದೆ. ಮತ್ತೆ ಹಲವರಿಗೆ ಏನೊಂದೂ ತೋರದೆಯೇ ಸ್ಪರ್ಶಜ್ಞಾನ ಮೆಲ್ಲನೆ ಜಾರಿಹೋಗುತ್ತದೆ. ನೋವು ದೇಹದ ಕಾವಲುಗಾರ. ಅವನು ನಿದ್ದೆಹೋದ ಮೇಲೆ ಮುಳ್ಳು, ಮೊಳೆ, ಕಾದ ಕಲ್ಲು, ಬಿಗಿಯಾದ ಪಾದರಕ್ಷೆ ಇವುಗಳಲ್ಲಿ ಯಾವುದು ಒಳಹೊಕ್ಕರೂ ಕೇಳುವವರಿಲ್ಲ.

ನರಗಳ ದುರ್ಬಲತೆಯಿಂದ ಇನ್ನೂ ಎರಡು ತೊಂದರೆಗಳುಂಟು. ಪಾದದ ಬೆವರು ನಿಂತು ಚರ್ಮ ಒಣಗಿ ಹಿಮ್ಮಡಿಯಲ್ಲಿ ಬಿರುಕು ಬಿಡುತ್ತದೆ. ಪಾದದ ಸಣ್ಣ ಸ್ನಾಯುಗಳು ಕ್ಷೀಣಿಸಿ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ. ಆಗ ದೇಹದ ಭಾರವೆಲ್ಲ ಅಂಗಾಲಿನ ಒಂದೆರಡು ಎಲುಬಿನ ತುದಿಗಳ ಮೇಲೆ ಬೀಳುತ್ತದೆ. ಅಲ್ಲಿ ಚರ್ಮ ಜಡ್ಡುಗಟ್ಟುತ್ತದೆ. ಆ ಜಡ್ಡು ಚಪ್ಪಲಿಯೊಳಗೆ ಸಿಕ್ಕಿದ ಹರಳುಕಲ್ಲಿನಂತೆ ಒಳಗಿನ ಮಾಂಸವನ್ನು ಒತ್ತಿ, ಕಣ್ಣಿಗೆ ಕಾಣದ ಹಾಗೆ ಅಡಿಯಲ್ಲಿಯೇ ಹುಣ್ಣನ್ನುಂಟುಮಾಡುತ್ತದೆ. ಇದರೊಡನೆ ಕಾಲಿನ ಧಮನಿಗಳೂ ಕಿರಿದಾಗಿದ್ದರೆ ರಕ್ತ ಸಾಲದೆ ಗಾಯ ಮಾಯುವುದಿಲ್ಲ. ಬೀಡಿ ಸಿಗರೇಟುಗಳ ಅಭ್ಯಾಸವಿದ್ದವರಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮಾಯದ ಗಾಯಕ್ಕೆ ನಂಜು ಸೇರುತ್ತದೆ. ನಂಜು ಎಲುಬಿಗೆ ಇಳಿಯುತ್ತದೆ. ಮುಂದಿನದು ಶಸ್ತ್ರವೈದ್ಯರ ಗರಗಸ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹವುಳ್ಳವರ ಸಂಖ್ಯೆ ೧೦ ಕೋಟಿಯನ್ನು ಮೀರಿದೆ. ಜಗತ್ತಿನ ಲೆಕ್ಕಾಚಾರಗಳಂತೆ ಮಧುಮೇಹಿಗಳಲ್ಲಿ ನೂರಕ್ಕೆ ೧೯ರಿಂದ ೩೪ ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಕಾಲಿನಲ್ಲಿ ಹುಣ್ಣಾಗುವ ಸಂಭವವುಂಟು. ಅವರಲ್ಲಿ ಕಾಲು ಕಳೆದುಕೊಳ್ಳುವ ನೂರು ಸಂದರ್ಭಗಳನ್ನು ತೆಗೆದುಕೊಂಡರೆ ೮೦ಕ್ಕೂ ಹೆಚ್ಚಿನವುಗಳ ಮೂಲ ಒಂದು ಸಣ್ಣ ಹುಣ್ಣೇ ಆಗಿರುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತರುವ ಸ್ಥಿತಿ ಬರುವುದು ಹೀಗೆ.

ವೆಲ್ಲೂರಿನಲ್ಲಿ ಕಲಿತ ಪಾಠ

ಇನ್ಸುಲಿನ್ ಕಂಡುಹಿಡಿದದ್ದು ೧೯೨೧ರಲ್ಲಿ. ಮರುವರ್ಷ ಅದನ್ನು ಮೊದಲ ಬಾರಿಗೆ ರೋಗಿಗೆ ಕೊಡಲಾಯಿತು. ಅದಕ್ಕೆ ಮುಂಚೆ ಎಷ್ಟೋ ಮಧುಮೇಹಿಗಳು ಪ್ರಜ್ಞೆ ತಪ್ಪಿ ಬೇಗನೆ ಸಾಯುತ್ತಿದ್ದರು. ಬಳಿಕ ಆಯುಸ್ಸು ಬೆಳೆಯಿತು. ಬೆಳೆದ ಆಯುಸ್ಸಿನೊಡನೆ ಕಾಲು ಕೊಳೆಯುವ ಪಿಡುಗೂ ಬೆಳೆಯಿತು. ಬೋಸ್ಟನ್ ನಗರದ ಪ್ರಸಿದ್ಧ ವೈದ್ಯ ಎಲಿಯಟ್ ಜೋಸ್ಲಿನ್ ೧೯೩೪ರಲ್ಲಿಯೇ ಈ ಪಿಡುಗನ್ನು ಕುರಿತು ಎಚ್ಚರಿಸಿದರು. ಇದು ವಿಧಿ ಕಳುಹಿಸಿದ್ದಲ್ಲ, ಮನುಷ್ಯರ ಅಲಕ್ಷ್ಯದಿಂದ ಹುಟ್ಟಿದ್ದು. ಆದುದರಿಂದ ಶುಚಿತ್ವದಿಂದಲೂ ತಿಳಿವಳಿಕೆಯಿಂದಲೂ ಇದನ್ನು ತಡೆಯಬಹುದು ಎಂಬುದು ಅವರ ಅಭಿಪ್ರಾಯವಾಗಿತ್ತು.

ತಡೆಯುವ ಬಗೆಯನ್ನು ಜಗತ್ತು ಚೆನ್ನಾಗಿ ಅರಿತದ್ದು ನಮ್ಮ ನೆರೆಯ ವೆಲ್ಲೂರಿನಿಂದ, ಅದೂ ಬೇರೊಂದು ರೋಗದ ಮೂಲಕ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ೧೯೧೪ರಲ್ಲಿ ಹುಟ್ಟಿದ ಆಂಗ್ಲ ಶಸ್ತ್ರವೈದ್ಯ ಪಾಲ್ ಬ್ರಾಂಡ್ ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕೈಕಾಲುಗಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ಆಗ ವೈದ್ಯರೂ ನಂಬಿದ್ದ ಕಾಲ. ಬ್ರಾಂಡರು ದಿನವಿಡೀ ರೋಗಿಗಳ ಜೊತೆಗಿದ್ದು ಅವರು ನಡೆಯುವುದನ್ನೂ ದುಡಿಯುವುದನ್ನೂ ಗಮನಿಸಿದರು. ಮಾಂಸ ತನ್ನಷ್ಟಕ್ಕೆ ತಾನು ಕೊಳೆಯುತ್ತಿರಲಿಲ್ಲ. ನೋವು ತಿಳಿಯದ ಕಾಲಿನಿಂದ ಅವರು ಗಾಯದ ಮೇಲೆಯೇ ನಡೆಯುತ್ತಿದ್ದರು. ನೋವು ತಿಳಿಯದ ಕೈಯಿಂದ ಬೆಂಕಿಯ ಪಾತ್ರೆಯನ್ನು ಹಿಡಿಯುತ್ತಿದ್ದರು. ಕೆಲವರ ಬೆರಳು ಬೆಳಗಾಗುವುದರೊಳಗೆ ಮೊಟಕಾಗಿರುತ್ತಿತ್ತು. ಕಾದು ನೋಡಿದರೆ, ರಾತ್ರಿ ಇಲಿ ಬಂದು ಕಚ್ಚುತ್ತಿದ್ದಿತು! ಆ ಬಳಿಕ ರೋಗಿಗಳು ಬೆಕ್ಕುಗಳನ್ನು ಸಾಕತೊಡಗಿದರು.

ಹುಣ್ಣಾದ ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿ, ಭಾರವನ್ನು ಅಂಗಾಲಿನ ತುಂಬ ಹಂಚಿದರೆ, ವರ್ಷಗಟ್ಟಲೆ ಮಾಯದಿದ್ದ ಹುಣ್ಣು ವಾರಗಳಲ್ಲಿ ಮಾಯುವುದು ಕಂಡುಬಂದಿತು. ಮೃದುವಾದ ರಬ್ಬರಿನ ಅಟ್ಟೆಯ ಚಪ್ಪಲಿಗಳೂ ಬಂದವು. ೧೯೬೬ರಲ್ಲಿ ಬ್ರಾಂಡರು ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದರು. ಅಲ್ಲಿ ಮಧುಮೇಹಿಗಳ ಕಾಲುಗಳಲ್ಲಿ ವೆಲ್ಲೂರಿನ ಹುಣ್ಣುಗಳನ್ನೇ ಕಂಡು, ಅದೇ ಚಿಕಿತ್ಸೆಯನ್ನು ನಡೆಸಿದರು. ಕಾಲು ಕತ್ತರಿಸುವುದನ್ನು ಕಡಿಮೆ ಮಾಡಲು ಯಾವ ಹೊಸ ಉಪಾಯವನ್ನು ಹೂಡಬೇಕೆಂದು ಅಲ್ಲಿನ ಅಧಿಕಾರಿಗಳು ಕೇಳಿದಾಗ, ವೈದ್ಯರು ಮಧುಮೇಹಿಗಳ ಬೂಟು, ಕಾಲುಚೀಲಗಳನ್ನು ಬಿಚ್ಚಿಸಿ ಪಾದವನ್ನು ಕಣ್ಣಾರೆ ನೋಡಲಿ, ಅಷ್ಟು ಸಾಕು ಎಂಬ ಅರ್ಥದ ಉತ್ತರವನ್ನು ಅವರು ಕೊಟ್ಟರಂತೆ. ೨೦೦೩ರಲ್ಲಿ ತೀರಿಕೊಳ್ಳುವವರೆಗೂ, ನೋವು ಮನುಷ್ಯನಿಗೆ ದೊರೆತ ವರವೆಂದೇ ಅವರು ಸಾರುತ್ತಿದ್ದರು.

ದಿನಕ್ಕೆ ಐದು ನಿಮಿಷ

ಕಾವಲುಗಾರ ಹೋದ ಮೇಲೆ ಕಾವಲಿನ ಕೆಲಸವನ್ನು ಕಣ್ಣು ವಹಿಸಿಕೊಳ್ಳಬೇಕು. ರಾತ್ರಿ ಮಲಗುವ ಮುಂಚೆ ಬೆಳಕಿನಲ್ಲಿ ಕುಳಿತು ಎರಡು ಪಾದಗಳನ್ನೂ ನೋಡಿಕೊಳ್ಳುವುದು ಊಟ ನಿದ್ರೆಗಳಂತೆ ನಿತ್ಯದ ಅಭ್ಯಾಸವಾಗಬೇಕು. ಬಗ್ಗಲಾರದವರು ಕ್ಷೌರದ ಕನ್ನಡಿಯೊಂದನ್ನು ನೆಲದ ಮೇಲಿಟ್ಟು ಅದರ ಮೇಲೆ ಅಂಗಾಲನ್ನು ಹಿಡಿದರೆ ಸಾಕು. ಮಧುಮೇಹದಿಂದ ಕಣ್ಣೂ ಮಂದವಾಗಿದ್ದರೆ ಮನೆಯವರು ನೋಡಬೇಕು. ಬೊಬ್ಬೆ, ಬಿರುಕು, ಬಣ್ಣ ಬದಲಾದ ಚರ್ಮ, ಬೆರಳ ಸಂದಿಯ ಬಿಳಿಯ ಕೊಳೆತ, ಜಡ್ಡಿನ ಅಡಿಯ ಕಪ್ಪು ಕಲೆ ಇವು ಕಂಡರೆ ಮರುದಿನವೇ ವೈದ್ಯರ ಬಳಿಗೆ ಹೋಗತಕ್ಕದ್ದು. ಒಂದು ಪಾದ ಮತ್ತೊಂದಕ್ಕಿಂತ ಬಿಸಿಯಾಗಿ, ಕೆಂಪಾಗಿ, ಊದಿಕೊಂಡಿದ್ದರೆ ನೋವಿಲ್ಲದಿದ್ದರೂ ತಡಮಾಡಕೂಡದು. ಒಳಗಿನ ಎಲುಬುಗಳು ಮುರಿದು ಕುಸಿಯುವ ರೋಗಕ್ಕೂ ಅದು ಮುನ್ಸೂಚನೆಯಾಗಿರಬಹುದು.

ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಬೆರಳ ಸಂದಿಗಳನ್ನು ಮರೆಯಬಾರದು. ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಳಕೈಯಿಂದ ನೋಡಬೇಕು. ಮನೆಯ ಇನ್ನೊಬ್ಬರು ನೋಡಿದರೆ ಇನ್ನೂ ಒಳ್ಳೆಯದು. ಹಬ್ಬದ ಎಣ್ಣೆಸ್ನಾನದ ಸಡಗರದಲ್ಲಿ ಕುದಿಯುವ ನೀರನ್ನು ನೇರವಾಗಿ ಕಾಲಿಗೆ ಸುರಿದುಕೊಂಡು ಬೆಂದುಹೋದದ್ದು ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದುಂಟು. ಚಳಿಗಾಲದಲ್ಲಿ ಬಿಸಿನೀರಿನ ಚೀಲವನ್ನು ಪಾದದ ಬಳಿ ಇಟ್ಟುಕೊಂಡು ಮಲಗುವುದೂ ಇಷ್ಟೇ ಅಪಾಯಕರ. ಒಣಗಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು, ಬೆರಳ ಸಂದಿಗೆ ಮಾತ್ರ ಬೇಡ. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಕೊರೆಯಬಾರದು. ಆಣಿಯನ್ನೋ ಜಡ್ಡನ್ನೋ ಬ್ಲೇಡಿನಿಂದ ಹೆರೆಯುವುದು, ಅಂಗಡಿಯಲ್ಲಿ ಸಿಗುವ ಆಣಿಪಟ್ಟಿಯನ್ನು ಅಂಟಿಸುವುದು ಎರಡೂ ಬೇಡ. ಆ ಪಟ್ಟಿಯಲ್ಲಿರುವ ಆಮ್ಲ ಆಣಿಯೊಡನೆ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದೆಂದರೆ ನಮ್ಮ ಹಿರಿಯರಿಗೆ ಹಿಡಿಸುವುದಿಲ್ಲ. ದೇವರ ಮನೆಗೂ ಅಡಿಗೆ ಮನೆಗೂ ಪ್ರತ್ಯೇಕವಾದ ಶುಚಿಯಾದ ಮೆತ್ತನೆಯ ಚಪ್ಪಲಿಯನ್ನು ಇಟ್ಟುಕೊಂಡರೆ ಮಡಿಗೂ ಭಂಗವಿಲ್ಲ, ಕಾಲಿಗೂ ಭಂಗವಿಲ್ಲ. ದೇವಾಲಯದ ಪ್ರದಕ್ಷಿಣೆಯನ್ನು ಕಲ್ಲು ಕಾಯುವ ಮುಂಚೆ ಬೆಳಿಗ್ಗೆಯೇ ದಪ್ಪನಾದ ಕಾಲುಚೀಲ ತೊಟ್ಟು ಮಾಡಬಹುದು. ಬರಿಗಾಲಿನಲ್ಲಿ ಬೆಟ್ಟ ಹತ್ತುವ ಹರಕೆಯನ್ನು ಹೊತ್ತವರು ಅದನ್ನು ಬೇರೊಂದು ಸೇವೆಯಾಗಿ ಸಲ್ಲಿಸಿದರೆ ದೇವರು ಮುನಿಯಲಾರನು. ಹೆಬ್ಬೆರಳ ಸಂದಿಯಲ್ಲಿ ಪಟ್ಟಿ ತೂರುವ ಚಪ್ಪಲಿಗಿಂತ, ಮೆತ್ತನೆಯ ಅಟ್ಟೆಯುಳ್ಳ, ಹಿಂದುಗಡೆ ಪಟ್ಟಿಯಿರುವ ಅಗಲವಾದ ಪಾದರಕ್ಷೆ ಲೇಸು. ಕಾಲು ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ಅದನ್ನು ಕೊಳ್ಳುವುದು ಜಾಣತನ. ತೊಡುವ ಮುನ್ನ ಪ್ರತಿ ಸಲವೂ ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ಕಾಲುಚೀಲ ತಿಳಿಬಣ್ಣದ್ದಾದರೆ ರಕ್ತದ, ಕೀವಿನ ಕಲೆ ಒಡನೆ ಕಾಣುತ್ತದೆ. ಮಹಿಳೆಯರು ಕಾಲುಂಗುರದ ಅಡಿಯನ್ನೂ ಗಮನಿಸಬೇಕು. ಬೆರಳು ಊದಿ ಉಂಗುರ ಬಿಗಿಯಾಗಿದ್ದರೆ ಸಡಿಲಿಸಲು ಹಿಂಜರಿಯಬಾರದು. ಮುತ್ತೈದೆತನ ಇರುವುದು ಲೋಹದ ಬಿಗಿತದಲ್ಲಿ ಅಲ್ಲ.

ಸ್ಪರ್ಶಜ್ಞಾನ ಉಳಿದಿದೆಯೇ ಎಂದು ತಿಳಿಯಲು ವೈದ್ಯರು ೧೦ ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಬಳಸುತ್ತಾರೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಸುಲಭವಾದ ಪರೀಕ್ಷೆಯೊಂದನ್ನು ಮನೆಯಲ್ಲಿಯೂ ಮಾಡಬಹುದು. ಕಾಯಿಲೆಯವರು ಕಣ್ಣು ಮುಚ್ಚಿಕೊಂಡಿರಬೇಕು. ಮನೆಯವರು ಎರಡು ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಬೇಕು, ಒತ್ತಬಾರದು, ತಟ್ಟಬಾರದು. ಮುಟ್ಟಿದಾಗ ಎಡವೋ ಬಲವೋ ಎಂದು ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ತಿಳಿಯದೆ ಹೋದರೆ ಆ ಪಾದಗಳಿಗೆ ಕಾವಲು ತಪ್ಪಿದೆಯೆಂದೇ ತಿಳಿದು ವೈದ್ಯರಿಗೆ ತೋರಿಸಬೇಕು. ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದದ ಪರೀಕ್ಷೆ ಎಲ್ಲ ಮಧುಮೇಹಿಗಳಿಗೂ ಅಗತ್ಯ.

ಹುಣ್ಣಾದ ಮೇಲೆ

ಮೊಳೆ ಚುಚ್ಚಿದ ಮನೆಯಲ್ಲಿ ಐದು ದಿನಗಳು ಕಳೆದವು. ಗುಟ್ಟು ಒಡೆದದ್ದು ಮದುವಣಗಿತ್ತಿಯಿಂದಲೇ. ತಂದೆಯ ಕಾಲು ಊದಿರುವುದನ್ನೂ, ಕೋಣೆಯಲ್ಲಿ ಏನೋ ದುರ್ವಾಸನೆಯಿರುವುದನ್ನೂ ಗಮನಿಸಿದವಳು ಅವಳು. “ಅಪ್ಪಾ, ಛತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಆಸ್ಪತ್ರೆಗೆ ನಡೆಯಿರಿ” ಎಂದು ಅವಳೇ ಕರೆದುಕೊಂಡು ಹೋದಳು.

ವೈದ್ಯರು ಗಾಯಕ್ಕೆ ಅಂಟಿಕೊಂಡಿದ್ದ ಅರಿಸಿನವನ್ನು ತೊಳೆದು, ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ಎಲುಬಿಗೆ ನಂಜು ಇಳಿದಿದೆಯೇ ಎಂದು ಕ್ಷಕಿರಣದ ಚಿತ್ರ ತೆಗೆಸಿದರು. ಕಾಲಿನ ಮತ್ತು ತೋಳಿನ ರಕ್ತದೊತ್ತಡಗಳನ್ನು ಹೋಲಿಸಿ ರಕ್ತಸಂಚಾರವನ್ನು ನೋಡಿದರು. ಪುಣ್ಯಕ್ಕೆ ಎಲುಬು ಚೆನ್ನಾಗಿತ್ತು, ರಕ್ತವೂ ಹರಿಯುತ್ತಿತ್ತು. ನಂಜಿಗೆ ಔಷಧ, ಸಕ್ಕರೆಯ ಹತೋಟಿಗೆ ಕೆಲಕಾಲ ಇನ್ಸುಲಿನ್. ನಂಜು ಇಳಿದ ಮೇಲೆ ಮೊಣಕಾಲಿನ ಕೆಳಗಿನವರೆಗೆ, ಕಾಲಿಗೆ ಎರಕ ಹೊಯ್ದಂತೆ ಕೂಡುವ ಪ್ಲಾಸ್ಟರ್ ಕಟ್ಟು. ವೆಲ್ಲೂರಿನ ಆ ಹಳೆಯ ಉಪಾಯ ಇಂದಿಗೂ ಶ್ರೇಷ್ಠವಾದ ಚಿಕಿತ್ಸೆಗಳಲ್ಲೊಂದು. ರಕ್ತಸಂಚಾರ ತೀರ ಕಡಿಮೆಯಾಗಿದ್ದರೆ ಈ ಕಟ್ಟು ಸಲ್ಲದು. ಆಗ ಮುಚ್ಚಿದ ಧಮನಿಯನ್ನು ತೆರೆಯುವ ಚಿಕಿತ್ಸೆ ಬೇಕಾಗುತ್ತದೆ.

ದಿನವೂ ಪಟ್ಟಿ ಬದಲಾಯಿಸಿ ಬೆಲೆಬಾಳುವ ಮುಲಾಮು ಹಚ್ಚುತ್ತ, ಅದೇ ಗಾಯದ ಮೇಲೆ ನಡೆದಾಡುತ್ತಿದ್ದರೆ ಫಲವಿಲ್ಲ. ಹುಣ್ಣಿನ ಮೇಲೆ ಇಡುವ ಪ್ರತಿ ಹೆಜ್ಜೆಯೂ ಹುಣ್ಣಿಗೆ ಕೊಟ್ಟ ಒಂದು ಪೆಟ್ಟು. ಚೆನ್ನೈನ ವೈದ್ಯರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನೆಯತಕ್ಕದ್ದು. ಪಾದರಕ್ಷಣೆಯ ಸಲಹೆಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದವರಲ್ಲಿ ನೂರಕ್ಕೆ ೮೨ ಮಂದಿಯ ಹುಣ್ಣು ಮಾಯ್ದಿತ್ತು. ಪಾಲಿಸದವರಲ್ಲಿ ಮಾಯ್ದದ್ದು ೫೦ ಮಂದಿಗೆ. ಹೊಸ ತೊಂದರೆಗಳು ಮೊದಲ ಗುಂಪಿನಲ್ಲಿ ನೂರಕ್ಕೆ ೫, ಎರಡನೆಯದರಲ್ಲಿ ೨೬. ತಿಳಿವಳಿಕೆಯೂ ಒಂದು ಔಷಧವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮನಸ್ಸಿನ ಗಾಯ

ಹುಣ್ಣು ಪಾದದಲ್ಲಿದ್ದರೂ ಅದರ ಬೇನೆ ಮನೆಯನ್ನೆಲ್ಲ ವ್ಯಾಪಿಸುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಕುರ್ಚಿಯಲ್ಲಿ ಕುಳಿತಿರಬೇಕಾದ ಗೃಹಸ್ಥನಿಗೆ ತಾನು ಎಲ್ಲರಿಗೂ ಹೊರೆಯಾದೆನೆಂಬ ಕೊರಗು. ದುಡಿಯುವ ವಯಸ್ಸಿನವನಾದರೆ ಸಂಬಳದ, ಸಾಲದ ಚಿಂತೆ. ಹುಣ್ಣಿನ ವಾಸನೆ ಬಂದೀತೆಂದು ನಂಟರ ಮನೆಗೆ ಹೋಗಲು ನಾಚಿಕೆ. ಸಂಜೆ ಉದ್ಯಾನದಲ್ಲಿ ಕಲೆಯುತ್ತಿದ್ದ ಗೆಳೆಯರ ಗುಂಪಿನಿಂದ ದೂರ. ಕಾಲು ಹೋಗುವುದೆಂಬ ಭಯ ರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ. ಇವುಗಳಿಂದ ಮನಸ್ಸು ಕುಗ್ಗಿದವರು ಔಷಧವನ್ನೂ ಪಥ್ಯವನ್ನೂ ಬಿಡುತ್ತಾರೆ, ಬಿಟ್ಟುದರಿಂದ ಹುಣ್ಣು ಇನ್ನೂ ಹದಗೆಡುತ್ತದೆ. ಆದಕಾರಣ ಊಟ, ನಿದ್ದೆ, ಮಾತು ಕಡಿಮೆಯಾದುದನ್ನು ಮನೆಯವರು ವೈದ್ಯರಿಗೆ ತಿಳಿಸಬೇಕು. ಅದಕ್ಕೂ ಚಿಕಿತ್ಸೆಯುಂಟು.

“ಹೇಳಿದ ಮಾತು ಕೇಳಿದ್ದರೆ ಹೀಗಾಗುತ್ತಿತ್ತೆ?” ಎಂದು ದಿನಕ್ಕೆ ಹತ್ತು ಸಲ ಹಂಗಿಸುವುದರಿಂದ ಗಾಯ ಮಾಯುವುದಿಲ್ಲ. ಹಂಗಿಸಲ್ಪಟ್ಟವರು ಮುಂದಿನ ಗಾಯವನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ, ಅಷ್ಟೆ. ಬದಲಾಗಿ ಕುಳಿತಲ್ಲಿಯೇ ಮಾಡಬಹುದಾದ ಕೆಲಸವನ್ನು ಅವರಿಗೆ ಒಪ್ಪಿಸಬೇಕು. ಆ ಮನೆಯಲ್ಲಿ ಲಗ್ನಪತ್ರಿಕೆಗಳ ವಿಳಾಸ ಬರೆಯುವುದು, ಖರ್ಚಿನ ಲೆಕ್ಕ, ದೂರವಾಣಿಯಲ್ಲಿ ಕರೆಯುವುದು ಎಲ್ಲವೂ ಯಜಮಾನರ ಪಾಲಿಗೆ ಬಂದವು. ಓಡಾಟವೆಲ್ಲ ಗಂಡುಮಕ್ಕಳದು. ಶುಶ್ರೂಷೆ ಮಾಡುವ ಗೃಹಿಣಿಯ ಆಯಾಸವನ್ನೂ ಮರೆಯಬಾರದು. ಗಂಡನ ಕಾಲನ್ನು ನೋಡಿಕೊಳ್ಳುವ ಭರದಲ್ಲಿ ತನ್ನ ರಕ್ತದೊತ್ತಡದ ಗುಳಿಗೆಯನ್ನು ಮರೆಯುವ ತಾಯಂದಿರು ಕಡಿಮೆಯಿಲ್ಲ. ವಾರದಲ್ಲಿ ಎರಡು ದಿನವಾದರೂ ಆ ಕೆಲಸವನ್ನು ಮಕ್ಕಳು ವಹಿಸಿಕೊಳ್ಳತಕ್ಕದ್ದು.

ಮುಹೂರ್ತದ ದಿನ ಯಜಮಾನರು ಪ್ಲಾಸ್ಟರ್ ಕಟ್ಟಿದ ಕಾಲಿನೊಡನೆ ಕುರ್ಚಿಯ ಮೇಲೆ ಕುಳಿತೇ ಧಾರೆ ಎರೆದರು. ಕನ್ಯಾಪಿತೃ ಕುಳಿತು ಧಾರೆಯೆರೆಯುವುದೆ ಎಂದು ಒಬ್ಬಿಬ್ಬರು ಹಿರಿಯರು ಪಿಸುಗುಟ್ಟಿದರು. ಪುರೋಹಿತರು, “ಕಾಲಿದ್ದರೆ ತಾನೆ ನಾಳೆ ಮೊಮ್ಮಕ್ಕಳ ಹಿಂದೆ ಓಡುವುದು?” ಎಂದು ಅವರ ಬಾಯಿ ಮುಚ್ಚಿಸಿದರು. ಹತ್ತನೆಯ ವಾರಕ್ಕೆ ಹುಣ್ಣು ಪೂರ್ತಿ ಮಾಯ್ದಿತು.

ಮಾಯ್ದುದೇ ಮುಕ್ತಾಯವಲ್ಲ. ಒಮ್ಮೆ ಹುಣ್ಣಾಗಿ ಮಾಯ್ದವರಲ್ಲಿ ನೂರಕ್ಕೆ ಸುಮಾರು ೪೦ ಮಂದಿಗೆ ಒಂದೇ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ವ್ಯರ್ಥ. ಉಳಿದ ಕೋಟೆಗೆ ಬಾಗಿಲು ಹಾಕುವುದು ವಿವೇಕ. ಆ ಮನೆಯಲ್ಲಿ ಮೊಳೆಯ ಚಪ್ಪಲಿ ಹೋಗಿ ಕಾಲಿನ ಅಳತೆಗೆ ಮಾಡಿಸಿದ ಮೆತ್ತನೆಯ ಪಾದರಕ್ಷೆ ಬಂದಿದೆ. ರಾತ್ರಿ ಊಟವಾದ ಮೇಲೆ ಯಜಮಾನರು ಕುರ್ಚಿಯಲ್ಲಿ ಕುಳಿತು ಕನ್ನಡಿಯ ಮೇಲೆ ಕಾಲು ಹಿಡಿಯುತ್ತಾರೆ. ತವರಿಗೆ ಬಂದ ದಿನಗಳಲ್ಲಿ ಮಗಳು ತಾನೇ ದೀಪದ ಬಳಿ ಕುಳಿತು ಒಂದೊಂದು ಬೆರಳನ್ನೂ ಬಿಡಿಸಿ ನೋಡುತ್ತಾಳೆ.

“ಎಡವೋ, ಬಲವೋ ಹೇಳಿ ಅಪ್ಪಾ” ಎನ್ನುತ್ತಾಳೆ. ಅವರು ಕಣ್ಣು ಮುಚ್ಚಿಕೊಂಡು, ತಿಳಿದರೆ ಹೇಳುತ್ತಾರೆ. ತಿಳಿಯದಿದ್ದರೆ ಈಗ ಮುಚ್ಚಿಡದೆ, “ತಿಳಿಯಲಿಲ್ಲ ಮಗೂ” ಎನ್ನುತ್ತಾರೆ.